ಒಂಬತ್ತನೇ ಕ್ಲಾಸಿನಲ್ಲಿ ಅವರವರ ವೇಗ

ಶಾಲೆಯಲ್ಲಿ ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕೆಂದಿಲ್ಲ. ನಾವು ಹಾಜರಿ ಕರೆದು ಮುಗಿಸುವುದರೊಳಗೆ ಅದು ತಾನಾಗಿ ಬಂದು ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ. ನಾನು ಕೊಡಿಯಾಲ್‌ಬೈಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಗಣಿತ ಟೀಚರಿಗೆ ನಗು ಬರುವುದಿಲ್ಲ ಎಂದು ಮಕ್ಕಳ ನಂಬಿಕೆ. ಆ ನಂಬಿಕೆಯಿಂದ ಕ್ಲಾಸಿನಲ್ಲಿ ಬೊಬ್ಬೆ ಕಡಿಮೆ, ಹಾಗಾಗಿ ನಾನೂ ತಿದ್ದಲು ಹೋಗಿಲ್ಲ. ಕ್ಲಾಸಿನಲ್ಲಿ ಮುಖ ಬಿಗಿದುಕೊಂಡಿದ್ದು, ಸ್ಟಾಫ್ ರೂಮಿಗೆ ಬಂದು ನಗುವುದು ನನ್ನ ಕ್ರಮ. ಹೋದ ವರ್ಷ ಮಾತ್ರ ಆ ಕ್ರಮ ಉಳಿಸಿಕೊಳ್ಳಲು ಭಾರೀ ಕಷ್ಟವಾಯಿತು.

ವಿಷಯ ಹೀಗೆ. ನಮ್ಮ ಶಾಲೆಯಲ್ಲಿ ಹಿಂದಿನಿಂದ ಒಂದು ಪದ್ಧತಿ ಉಂಟು. ಒಂಬತ್ತನೇ ಕ್ಲಾಸಿನ ಮಕ್ಕಳು ಜೂನ್‌ನಿಂದ ಒಟ್ಟಿಗೆ ಕಲಿಯುತ್ತಾರೆ. ಕ್ರಿಸ್ಮಸ್ ರಜೆ ಮುಗಿಸಿ ಬಂದ ಕೂಡಲೇ ಮಾರ್ಕ್ಸ್ ನೋಡಿ ಅವರನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡುವುದು. ಹುಷಾರಿನವರು ಎ. ಅಷ್ಟು ಹುಷಾರಿಲ್ಲದವರು ಬಿ. ಸಿ ಎಂದರೆ ಎಂತ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಿ ಸೆಕ್ಷನಿನ ಮಕ್ಕಳಿಗೆ ಹೇಳದೆಯೇ ಗೊತ್ತಾಗುತ್ತದೆ. ಹೋದ ವರ್ಷ ನಮ್ಮ ಹೆಡ್ ಮೇಡಂ ಒಂದು ತರಬೇತಿಗೆ ಹೋಗಿ ಬಂದರು. ಬಂದವರೇ, "ಈ ಪಾಲು ಮಾಡುವ ಕೆಲಸ ಇನ್ನು ಬೇಡ. ಪ್ರತಿ ಮಗುವೂ ತನ್ನ ವೇಗದಲ್ಲಿ, ತಾನೇ ಜವಾಬ್ದಾರಿ ತಗೊಂಡು ಕಲೀಬೇಕು" ಎಂದರು. ಶಾಲೆಯ ಸಂಚಾಲಕರು ಹೋಟೆಲಿನ ಧಣಿಗಳು. ಅವರಿಗೆ ಇದು ಹಿಡಿಸಲಿಲ್ಲ. "ಮೇಡಂ, ಗಿರಾಕಿ ಕೇಳಿದ್ದು ಕೊಡುವುದು ಸರಿ. ಅಡುಗೆಮನೆಯನ್ನೇ ಗಿರಾಕಿಯ ಕೈಗೆ ಕೊಡುವುದು ಯಾವ ಕ್ರಮ?" ಎಂದು ಕೇಳಿದರು. ಕೊನೆಗೆ ಒಂದು ಒಪ್ಪಂದ ಆಯಿತು. ಒಂದು ಕ್ಲಾಸಿನಲ್ಲಿ ಮಾಡಿ ನೋಡುವುದು. ಕ್ರಿಸ್ಮಸ್ ರಜೆಗೆ ಮೊದಲು ಸಂಚಾಲಕರು ಬಂದು ಕಣ್ಣಾರೆ ನೋಡುತ್ತಾರೆ. ಸರಿ ಕಂಡರೆ ಮಕ್ಕಳು ಒಟ್ಟಿಗೆ ಇರಬಹುದು. ಇಲ್ಲದಿದ್ದರೆ ಜನವರಿಯಲ್ಲಿ ಎ, ಬಿ, ಸಿ.

ಆ ಒಂದು ಕ್ಲಾಸ್ ನನ್ನದು. ಯಾಕೆ ನನ್ನದು ಎಂದು ಕೇಳಿದೆ. "ನಿಮ್ಮನ್ನು ನೋಡಿದ್ರೆ ಇದು ತಮಾಷೆಯ ವಿಷಯ ಅಲ್ಲ ಅಂತ ಎಲ್ಲರಿಗೂ ಗೊತ್ತಾಗ್ತದೆ" ಎಂದರು ಹೆಡ್ ಮೇಡಂ.

೧. ಎಲ್ಲರೂ ಬೇರೆ ಬೇರೆ

ಮೊದಲಿಗೆ ಹೆಡ್ ಮೇಡಂ ಎಲ್ಲ ಟೀಚರುಗಳನ್ನೂ ಕೂರಿಸಿ ವಿವರಿಸಿದರು. ಒಂದು ಮಗುವಿನ ಹಾಗೆ ಇನ್ನೊಂದು ಇಲ್ಲ. ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಕಲಿಸುವುದು ದೊಡ್ಡ ತಪ್ಪು. ಮಾತು ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಮೇಲೆ ಶುರುವಾದದ್ದು ಶಾಲೆ ಬಿಡುವ ಲಾಂಗ್ ಬೆಲ್ ಹೊಡೆದರೂ ಮುಗಿಯಲಿಲ್ಲ ಅಷ್ಟೆ. ಕೊನೆಗೆ, ಈ ಪದ್ಧತಿಯನ್ನು ನಿಮ್ಮ ವಿಷಯದಲ್ಲಿ ಹೇಗೆ ಮಾಡುತ್ತೀರಿ ಎಂದು ಯೋಚಿಸಿ ಬರೆದು ತನ್ನಿ, ಹೀಗೆ ಬರೆಯಿರಿ ಎಂದು ಒಂದು ಮಾದರಿಯನ್ನೂ ಕೈಗೆ ಕೊಟ್ಟರು.

ನಾವೆಲ್ಲ ಮಾದರಿಯಲ್ಲಿ ಇದ್ದ ಹಾಗೆಯೇ ಬರೆದು ಕೊಟ್ಟೆವು. ನಮಗೆ ಮಂಡೆಬಿಸಿ ಬೇಡ. ಕನ್ನಡ ಪಂಡಿತರು ಮಾತ್ರ ಮನಸ್ಸಿಟ್ಟು ಯೋಚನೆ ಮಾಡಿ, ತಮಗೆ ತೋಚಿದ ಹಾಗೆ ಬರೆದು ತಂದರು. ಹೆಡ್ ಮೇಡಂ ಕನ್ನಡಕ ಏರಿಸಿದರು.

"ಎಂತ ಪಂಡಿತರೇ ಇದು? ಎಲ್ಲರದ್ದೂ ಒಂದೇ ಥರ ಉಂಟು. ನಿಮ್ಮದು ಮಾತ್ರ ಯಾಕೆ ಬೇರೆ?"

ಪಂಡಿತರು ಕೈಕಟ್ಟಿ ನಿಂತು ಹೇಳಿದರು, "ಎಂತ ಮಾಡುವುದು ಮೇಡಂ, ನಾನೂ ಒಬ್ಬರ ಮಗು ಅಲ್ವಾ?"

೨. ಸಣ್ಣ ಗುರಿ

ಹೊಸ ಪದ್ಧತಿಯಲ್ಲಿ ಮೊದಲ ಕೆಲಸ, ಮಕ್ಕಳು ತಮ್ಮ ಗುರಿಯನ್ನು ತಾವೇ ಹೇಳುವುದು. ನಾನು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದೆ. ಕೆಲವರು ಐಎಎಸ್ ಎಂದರು, ಕೆಲವರು ಡಾಕ್ಟರ್ ಎಂದರು. ಬಂದರಿನ ಕಡೆಯಿಂದ ಬರುವ ಒಬ್ಬ ಹುಡುಗ, ಕ್ಲಾಸಿಗಿಂತ ಮೈದಾನದಲ್ಲೇ ಹೆಚ್ಚು ಕಾಣಸಿಗುವವ, "ಹತ್ತನೇ ಕ್ಲಾಸ್ ಪಾಸಾಗುವುದು" ಎಂದ.

"ಅದು ಇನ್ನೂ ದೂರ ಉಂಟು. ನಿನ್ನ ಕೈಯಲ್ಲಿ ಆಗುವಂಥ ಸಣ್ಣ ಗುರಿ ಇಟ್ಟುಕೋ" ಎಂದೆ. ತರಬೇತಿಯಲ್ಲಿ ಹಾಗೆ ಹೇಳಬೇಕೆಂದು ಹೇಳಿದ್ದರಂತೆ.

ಅವನು ತಲೆ ಕೆರೆದುಕೊಂಡ. "ಈ ತಿಂಗಳು ಲೆಕ್ಕ ಎಲ್ಲ ಮಾಡುವುದು?"

"ಇನ್ನೂ ಸಣ್ಣದು."

"ಈ ವಾರ ಹೋಮ್‌ವರ್ಕ್ ತರುವುದು?"

"ಇನ್ನೂ ಸಣ್ಣದು. ಖಂಡಿತ ಆಗುವಂಥದ್ದು."

"ನಾಳೆ ಶಾಲೆಗೆ ಬರುವುದು ಟೀಚರ್."

"ಭೇಷ್!" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ.

ಕೊನೆಗೆ ಉಳಿದವಳು ಕೊಟ್ಟಾರದಿಂದ ಬರುವ ಒಬ್ಬ ಹುಡುಗಿ. ಮಾತು ಕಡಿಮೆ, ಲೆಕ್ಕದಲ್ಲಿ ಮಾರ್ಕ್ಸ್ ಅದಕ್ಕಿಂತಲೂ ಕಡಿಮೆ. ಅವಳ ಪಕ್ಕದಲ್ಲಿ ಕೂರುವವಳು ನಮ್ಮ ಕ್ಲಾಸಿಗೇ ಫಸ್ಟ್. ಇಬ್ಬರೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಒಂದೇ ಬುತ್ತಿ. ಪಾಲು ಮಾಡಿದರೆ ಒಬ್ಬಳು ಎ, ಇನ್ನೊಬ್ಬಳು ಸಿ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ನಿನ್ನ ಗುರಿ ಎಂತ ಎಂದು ಕೇಳಿದೆ. ಅವಳು ನೆಲ ನೋಡಿಕೊಂಡು, "ಜನವರಿಯಲ್ಲೂ ಇದೇ ಬೆಂಚಲ್ಲಿ ಇರುವುದು ಟೀಚರ್" ಎಂದಳು. ಯಾರೂ ನಗಲಿಲ್ಲ. ಆಯ್ತು, ಕೂತ್ಕೋ ಎಂದೆ.

ಮರುದಿನ ಹಾಜರಿ ಕರೆದೆ. ಬಂದರಿನ ಹುಡುಗ ಬಂದಿರಲಿಲ್ಲ.

೩. ಯಾವ ವೇಗ?

ಫಸ್ಟ್ ಬರುವ ಹುಡುಗಿಯ ತಾಯಿ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸು. ಒಂದು ದಿನ ಡ್ಯೂಟಿ ಮುಗಿಸಿ ನೇರ ಶಾಲೆಗೆ ಬಂದರು.

"ಟೀಚರ್, ಮಗಳು ಹೇಳಿದ್ಲು. ಇನ್ನು ಅವರವರ ವೇಗದಲ್ಲಿ ಕಲಿಯುವುದಂತೆ?"

"ಹೌದು."

"ಭಾರೀ ಒಳ್ಳೇದು. ನಮ್ಮಲ್ಲಿ ವಾರ್ಡಲ್ಲಿಯೂ ಹಾಗೆಯೇ. ಒಬ್ಬರಿಗೆ ಕೊಟ್ಟ ಮದ್ದು ಇನ್ನೊಬ್ಬರಿಗೆ ಕೊಡ್ಲಿಕ್ಕಾಗುದಿಲ್ಲ. ನನಗೆ ಇದೆಲ್ಲ ಹೇಳ್ಬೇಕೂಂತಿಲ್ಲ."

ಇಷ್ಟು ಬೇಗ ಅರ್ಥ ಮಾಡಿಕೊಂಡ ತಾಯಿಯನ್ನು ನಾನು ನೋಡಿರಲಿಲ್ಲ. ಸಂತೋಷದಿಂದ ಕುರ್ಚಿ ಎಳೆದು ಕೊಟ್ಟೆ. ಕೂತವರು ಸ್ವರ ತಗ್ಗಿಸಿದರು.

"ಒಂದು ಸಣ್ಣ ವಿಷಯ. ಇವಳು ಇಡೀ ದಿನ ಪಕ್ಕದ ಹುಡುಗಿಗೆ ಹೇಳಿಕೊಡ್ತಾ ಇರ್ತಾಳಂತೆ. ಆ ಹುಡುಗಿ ಪಾಪ, ಒಳ್ಳೆಯವಳೇ. ಮನೆಗೂ ಬರ್ತಾಳೆ. ಆದ್ರೆ ಇವಳ ವೇಗ ಕಡಿಮೆ ಆಗುದಿಲ್ವಾ?"

ಹೇಳಿಕೊಡುವವರಿಗೇ ಹೆಚ್ಚು ಗಟ್ಟಿಯಾಗುವುದು ಎಂದು ವಿವರಿಸಿದೆ. ಇನ್ನೊಬ್ಬರಿಗೆ ಹೇಳಲು ಹೋದಾಗಲೇ ನಮಗೆ ಎಷ್ಟು ಗೊತ್ತಿಲ್ಲ ಎಂದು ತಿಳಿಯುವುದು ಎಂದೆ. ಅವರು ಪ್ರತಿ ಮಾತಿಗೂ ತಲೆ ಆಡಿಸಿದರು. ಎದ್ದು ಹೊರಡುವಾಗ ನನ್ನ ಕೈ ಹಿಡಿದುಕೊಂಡರು.

"ನಾನು ಒತ್ತಾಯ ಮಾಡುವ ತಾಯಿ ಅಲ್ಲ ಟೀಚರ್. ಅವಳು ಎಷ್ಟು ನಿಧಾನ ಬೇಕಾದ್ರೂ ಕಲೀಲಿ. ಎಲ್ಲರಿಗಿಂತ ಮೊದಲು ಮುಗಿಸಿದ್ರೆ ಸಾಕು."

೪. ಮರದ ಕೆಳಗೆ

ನಮ್ಮ ಪಿ.ಟಿ. ಮಾಸ್ಟ್ರಿಗೆ ಈ ಇಡೀ ಗಲಾಟೆಯೇ ಅರ್ಥವಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ನನ್ನನ್ನು ಕೇಳಿದರು, "ಇದರಲ್ಲಿ ಹೊಸತು ಎಂತ ಉಂಟು, ಒಮ್ಮೆ ಹೇಳಿ ನೋಡುವ."

ಮಕ್ಕಳೇ ಎಂತ ಮಾಡಬೇಕೆಂದು ತೀರ್ಮಾನ ಮಾಡುತ್ತಾರೆ, ಮಕ್ಕಳೇ ಗುಂಪು ಮಾಡಿಕೊಳ್ಳುತ್ತಾರೆ, ಜಗಳ ಆದರೆ ಮಕ್ಕಳೇ ಸರಿ ಮಾಡಿಕೊಳ್ಳುತ್ತಾರೆ, ಟೀಚರ್ ದೂರದಿಂದ ನೋಡುತ್ತಾ ಇರುತ್ತಾರೆ, ಬೇಕಾದಾಗ ಮಾತ್ರ ಹತ್ತಿರ ಹೋಗುತ್ತಾರೆ ಎಂದೆ.

ಮಾಸ್ಟ್ರು ಗ್ಲಾಸು ಕೆಳಗಿಟ್ಟರು.

"ಎಂತ ಸಾವು ಮಾರಾಯ್ರೆ! ನಾನು ಈ ಶಾಲೆಗೆ ಸೇರಿದ ದಿನದಿಂದ ಬಾಲ್ ಮಕ್ಕಳ ಕೈಗೆ ಕೊಟ್ಟು ಮರದ ಕೆಳಗೆ ಕೂತಿದ್ದೇನೆ. ಅದಕ್ಕೆ ಇಷ್ಟು ವರ್ಷ ನೀವೆಲ್ಲ ಉದಾಸೀನ ಅಂತ ಹೇಳ್ತಿದ್ರಿ. ಈಗ ಅದನ್ನೇ ಕಲೀಲಿಕ್ಕೆ ಹೆಡ್ ಮೇಡಂ ಅಷ್ಟು ದೂರ ಹೋಗಿ ಬಂದ್ರಾ? ನನ್ನನ್ನು ಕೇಳಿದ್ರೆ ಇಲ್ಲೇ ಹೇಳಿಕೊಡ್ತಿದ್ದೆ."

೫. ಊಟ ಆಯ್ತಾ?

ಪೋಷಕರ ಸಭೆಯನ್ನೂ ಬದಲಾಯಿಸಿದೆವು. ಹಿಂದೆ ನಾವು ಮಾತಾಡುವುದು, ಪೋಷಕರು ಕೇಳುವುದು, ಮಗು ಮೂಲೆಯಲ್ಲಿ ನಿಂತು ಉಗುರು ಕಚ್ಚುವುದು. ಈಗ ಮಗುವೇ ತನ್ನ ಕಲಿಕೆಯ ಬಗ್ಗೆ ತಂದೆ ತಾಯಿಗೆ ಹೇಳುವುದು, ನಾವು ಬಾಯಿ ಮುಚ್ಚಿ ಕೂರುವುದು. ಟೀಚರುಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ನಮ್ಮ ಫಸ್ಟ್ ಹುಡುಗಿಯ ತಾಯಿಗೆ ಆ ದಿನ ಡ್ಯೂಟಿ ಇತ್ತು. ತಂದೆ ಗಲ್ಫಿನಲ್ಲಿ. ಹಾಗಾಗಿ ತಂದೆಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಚಾಕ್‌ಪೀಸಿನ ಡಬ್ಬಿಗೆ ಒರಗಿಸಿ ಇಟ್ಟಳು. ಅವರು ಅಲ್ಲಿ ಟೈ ಕಟ್ಟಿಕೊಂಡು ತಯಾರಾಗಿ ಕೂತಿದ್ದರು.

"ಟೀಚರ್ ಎಲ್ಲಿ?"

"ಟೀಚರ್ ಮಾತಾಡ್ಲಿಕ್ಕಿಲ್ಲ ಡ್ಯಾಡಿ. ಇವತ್ತು ನಾನು."

ಹುಡುಗಿ ಚೆನ್ನಾಗಿ ಹೇಳಿದಳು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ, ಬಾರದ್ದನ್ನು ಹೇಗೆ ಕಲಿಯುತ್ತೇನೆ ಎಲ್ಲ. ತಂದೆ ಹ್ಞೂಂ ಹ್ಞೂಂ ಎಂದರು. ಕೊನೆಗೆ ಅವಳು, "ಈಗ ಡ್ಯಾಡಿ, ನನ್ನ ಕಲಿಕೆಗೆ ನೀವು ಎಂತ ಮಾಡ್ಬೇಕೂಂತ ಹೇಳ್ತೇನೆ" ಎಂದಳು.

"ನಾನಾ? ಟ್ಯೂಷನ್ ಬೇಕಾ? ಲ್ಯಾಪ್‌ಟಾಪ್ ಬೇಕಾ?"

"ಎಂತದೂ ಬೇಡ. ನೀವು ಫೋನ್ ಮಾಡಿದಾಗ ಮೊದಲು ಮಾರ್ಕ್ಸ್ ಎಷ್ಟು ಅಂತ ಕೇಳ್ತೀರಿ. ಅದು ಬೇಡ. ಮೊದಲು ಊಟ ಆಯ್ತಾ ಅಂತ ಕೇಳಿ. ಅಷ್ಟೇ."

ನಾನು ಬಗ್ಗಿ ಫೋನು ನೋಡಿದೆ. ಮನುಷ್ಯ ಟೈ ಸಡಿಲ ಮಾಡಿಕೊಂಡು ಕಣ್ಣೊರೆಸುತ್ತಿದ್ದರು. "ಸರಿ ಪುಟ್ಟಾ, ಪ್ರಾಮಿಸ್" ಎಂದರು. ನನ್ನ ಪಕ್ಕ ಕೂತಿದ್ದ ಹೆಡ್ ಮೇಡಂ ಕೂಡ ಕರ್ಚೀಫು ತೆಗೆದರು. ಸಂಚಾಲಕರು ಇದನ್ನು ನೋಡಬೇಕಿತ್ತು ಎಂದು ನನಗೆ ಪಿಸುಗುಟ್ಟಿದರು.

ಮುಂದಿನ ವಾರ ಹುಡುಗಿಯನ್ನು ಕೇಳಿದೆ, ಡ್ಯಾಡಿ ಫೋನ್ ಮಾಡಿದ್ರಾ, ಹೇಳಿದ ಹಾಗೆ ನಡೆದುಕೊಂಡ್ರಾ ಎಂದು.

"ಹೌದು ಟೀಚರ್. 'ಊಟ ಆಯ್ತಾ, ಮಾರ್ಕ್ಸ್ ಎಷ್ಟು' ಅಂತ ಒಂದೇ ಉಸಿರಲ್ಲಿ ಕೇಳಿದ್ರು."

೬. ಪ್ರಶ್ನೆ ಕೇಳುವವರು

ಸಣ್ಣ ಪರೀಕ್ಷೆಗಳ ಪ್ರಶ್ನೆಗಳನ್ನು ಮಕ್ಕಳೇ ತಯಾರಿಸಲಿ ಎಂದು ಆಯಿತು. ಸುಲಭದ ಪ್ರಶ್ನೆಗಳನ್ನು ಬರೆದುಕೊಂಡು ಎಲ್ಲರೂ ಪೂರ್ತಿ ಮಾರ್ಕ್ಸ್ ತಗೊಳ್ಳುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಗಣಿತ ಟೀಚರಿನ ಲೆಕ್ಕ ತಪ್ಪಿತು. ಅಧಿಕಾರ ಕೈಗೆ ಬಂದ ಕೂಡಲೇ ಮಕ್ಕಳು ಎಂಥೆಂಥ ಪ್ರಶ್ನೆ ತೆಗೆದರು ಎಂದರೆ, ನಾನೇ ಪುಸ್ತಕ ತಿರುಗಿಸಿ ನೋಡಬೇಕಾಯಿತು. ಪಕ್ಕದವನಿಗೆ ಗೊತ್ತಿಲ್ಲದ್ದನ್ನು ಕೇಳುವುದರಲ್ಲಿ ಇಷ್ಟು ಸುಖ ಉಂಟು ಎಂದು ಅವರಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಬಂದರಿನ ಹುಡುಗನದ್ದು. ಅವನು ಈಗೀಗ ದಿನಾ ಬರಲು ಶುರು ಮಾಡಿದ್ದ. ಯಾರೂ ಅದನ್ನು ಬಿಡಿಸಲಿಲ್ಲ. ಪೇಪರ್ ತಿದ್ದುವಾಗ ನೋಡಿದರೆ ಅವನೂ ಬಿಡಿಸಿರಲಿಲ್ಲ. ಕರೆದು ಕೇಳಿದೆ.

"ಪ್ರಶ್ನೆ ನಿನ್ನದೇ ಅಲ್ವಾ?"

"ಹೌದು ಟೀಚರ್."

"ಮತ್ತೆ ಉತ್ತರ ಯಾಕೆ ಬರೀಲಿಲ್ಲ?"

"ಗೊತ್ತಿಲ್ಲ ಟೀಚರ್."

"ಉತ್ತರ ಗೊತ್ತಿಲ್ಲದೆ ಪ್ರಶ್ನೆ ಕೇಳ್ಬಾರ್ದು ಮಾರಾಯ!"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಉತ್ತರ ಗೊತ್ತಿದ್ರೆ ಮತ್ತೆ ಯಾಕೆ ಟೀಚರ್ ಕೇಳುವುದು?"



೭. ಹಿಂದಿನ ಬೆಂಚು

ಡಿಸೆಂಬರ್ ಬಂತು. ಸಂಚಾಲಕರು ಬರುವ ದಿನ ನಿಗದಿಯಾಯಿತು. ಹೆಡ್ ಮೇಡಂಗೆ ಆ ವಾರ ಊಟ ಸೇರಲಿಲ್ಲ. ಮಕ್ಕಳು ಗುಂಪು ಗುಂಪಾಗಿ ಕೂತಿರಬೇಕು, ಒಂದು ಗುಂಪು ಅಳೆಯಬೇಕು, ಒಂದು ಗುಂಪು ಚರ್ಚಿಸಬೇಕು, ನಾನು ನಡುವೆ ಮೆಲ್ಲ ನಡೆದಾಡಬೇಕು ಎಂದು ನನಗೆ ಹೇಳಿದ್ದೇ ಹೇಳಿದ್ದು. "ಒಂದೇ ಒಂದು ಬೇಡಿಕೆ. ಆ ದಿನ ಮಾತ್ರ ಬೋರ್ಡಿನ ಹತ್ರ ಹೋಗ್ಬೇಡಿ. ಅವರು ಅದನ್ನೇ ಕಾಯ್ತಾ ಇದ್ದಾರೆ" ಎಂದರು.

ಇಲ್ಲಿ ನಮ್ಮ ಕ್ಲಾಸಿನ ಒಂದು ಅಭ್ಯಾಸ ಹೇಳಬೇಕು. ಅರ್ಥವಾಗದಿದ್ದರೆ ಕೈ ಎತ್ತಲು ಮಕ್ಕಳಿಗೆ ನಾಚಿಕೆ. ಅದಕ್ಕೆ ಅವರೇ ಒಂದು ಉಪಾಯ ಮಾಡಿದ್ದರು. ಪ್ರತಿಯೊಬ್ಬರ ಡೆಸ್ಕಿನ ಮೇಲೆ ನೀರಿನ ಬಾಟ್ಲಿ. ಬಾಟ್ಲಿ ನಿಂತಿದ್ದರೆ ಅರ್ಥವಾಗಿದೆ. ಮಲಗಿಸಿದ್ದರೆ ಅರ್ಥವಾಗಿಲ್ಲ. ಬಾಟ್ಲಿ ನಿಲ್ಲಿಸಿದವರು ಮಲಗಿಸಿದವರ ಹತ್ತಿರ ಹೋಗಿ ಹೇಳಿಕೊಡಬೇಕು. ಹೇಳಿಸಿಕೊಂಡವರು "ಹ್ಞಾಂ, ಗೊತ್ತಾಯ್ತು" ಎಂದರೆ ಸಾಲದು. ಮೂರನೆಯವರಿಗೆ ತಾವೇ ವಿವರಿಸಿ ತೋರಿಸಬೇಕು. ಆಮೇಲೆಯೇ ಬಾಟ್ಲಿ ನಿಲ್ಲಿಸುವುದು. ನಾನು ಮಾಡಿದ ಯಾವ ನಿಯಮವನ್ನೂ ಮಕ್ಕಳು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದಿಲ್ಲ.

ಆ ಬೆಳಿಗ್ಗೆ ಕ್ಲಾಸಿಗೆ ಹೋದೆ. ಡೆಸ್ಕುಗಳು ಗುಂಪಿನಲ್ಲಿ ಇರಲಿಲ್ಲ, ಸಾಲಾಗಿ ಇದ್ದವು. ಬಾಟ್ಲಿಗಳೆಲ್ಲ ಮಲಗಿದ್ದವು. ಕೊಟ್ಟಾರದ ಹುಡುಗಿ ಎದ್ದು ನಿಂತಳು. ಆ ವಾರ ಕ್ಲಾಸಿನ ಪರವಾಗಿ ಮಾತಾಡುವ ಸರದಿ ಅವಳದ್ದು.

"ಟೀಚರ್, ವೃತ್ತದ ಪಾಠ ಯಾರಿಗೂ ಅರ್ಥ ಆಗ್ಲಿಲ್ಲ. ಗುಂಪಲ್ಲಿ ಎರಡು ದಿನ ನೋಡಿದ್ವಿ. ಇವತ್ತು ನೀವು ಬೋರ್ಡಲ್ಲಿ ಹೇಳಿಕೊಡಿ. ಮೊದಲಿನ ಹಾಗೆ."

"ಇವತ್ತಾ? ಇವತ್ತು ಸಂಚಾಲಕರು ಬರ್ಲಿಕ್ಕುಂಟು."

"ಗೊತ್ತುಂಟು ಟೀಚರ್."

"ಅವರಿಗೆ ಸರಿ ಕಾಣದಿದ್ರೆ ಎಂತ ಆಗ್ತದೆ ಅಂತಲೂ ಗೊತ್ತುಂಟಲ್ಲ?"

"ಗೊತ್ತುಂಟು." ಅವಳು ಪಕ್ಕದವಳನ್ನು ಒಮ್ಮೆ ನೋಡಿದಳು. "ಆದ್ರೆ ಅರ್ಥ ಆಗ್ಲಿಲ್ಲಲ್ಲ ಟೀಚರ್. ಅರ್ಥ ಆಗಿದೆ ಅಂತ ಕೂತುಕೊಳ್ಳುವುದು ಹೇಗೆ?"

ಎಂತ ಮಾಡುವುದು ಹೇಳಿ. ನಿಮ್ಮ ಕಲಿಕೆ, ನಿಮ್ಮ ಆಯ್ಕೆ ಎಂದು ಜೂನ್‌ನಿಂದ ಭಾಷಣ ಮಾಡಿದವಳು ನಾನೇ. ಚಾಕ್‌ಪೀಸು ತಗೊಂಡೆ. ಒಂದು ವೃತ್ತ ಬರೆದೆ. ನಡುವೆ ಒಂದು ವ್ಯಾಸ ಎಳೆದೆ. ವ್ಯಾಸದ ಎರಡು ತುದಿಗಳಿಂದ ವೃತ್ತದ ಮೇಲಿನ ಯಾವ ಬಿಂದುವಿಗೆ ಗೆರೆ ಎಳೆದರೂ ಅಲ್ಲಿ ಆಗುವ ಕೋನ ಲಂಬಕೋನವೇ ಎಂದು ವಿವರಿಸಲು ಶುರು ಮಾಡಿದೆ. ತಿಂಗಳುಗಳ ನಂತರ ಬೋರ್ಡು ಸಿಕ್ಕಿತ್ತು. ನನಗೂ ಹುರುಪು ಬಂತು, ಸ್ವರ ಏರಿತು. ಮಕ್ಕಳು ಕೈಕಟ್ಟಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಗ ಬಾಗಿಲಲ್ಲಿ ಹೆಡ್ ಮೇಡಂ ಮತ್ತು ಅವರ ಹಿಂದೆ ಸಂಚಾಲಕರು.

ಹೆಡ್ ಮೇಡಂ "ದೇವಾ!" ಎಂದು ಗೋಡೆ ಹಿಡಿದುಕೊಂಡರು. ಸಂಚಾಲಕರು ಸಾಲಾಗಿ ಕೂತ ಮಕ್ಕಳನ್ನು ನೋಡಿದರು, ಬೋರ್ಡು ನೋಡಿದರು, ನನ್ನ ಕೈಯ ಚಾಕ್‌ಪೀಸು ನೋಡಿದರು.

"ಇದಾ ಮೇಡಂ ಹೊಸ ಪದ್ಧತಿ? ನಾನು ಕಲಿಯುವಾಗಲೂ ಹೀಗೆಯೇ ಇತ್ತಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಕೊಟ್ಟಾರದ ಹುಡುಗಿ ಎದ್ದು ನಿಂತಳು.

"ಸರ್, ಇವತ್ತು ಪಾಠ ಮಾಡಿ ಅಂತ ಟೀಚರಿಗೆ ಹೇಳಿದ್ದು ನಾವು."

"ನೀವು ಹೇಳಿದ್ದಾ? ಟೀಚರಿಗೆ?"

"ಹೌದು ಸರ್. ನಮಗೆ ಯಾವಾಗ ಹೇಗೆ ಕಲೀಬೇಕೂಂತ ನಾವು ನೋಡಿಕೊಳ್ಬೇಕಲ್ವಾ?"

ಸಂಚಾಲಕರು "ಮುಂದುವರಿಸಿ, ನಾನು ಸ್ವಲ್ಪ ಹೊತ್ತು ಕೂರ್ತೇನೆ" ಎಂದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ನಮ್ಮ ಡೆಸ್ಕುಗಳು ಹಳೆಯವು, ಮೇಲಿನಿಂದ ಕೆಳಕ್ಕೆ ಇಳಿಜಾರು. ಮಕ್ಕಳು ಪೆನ್ಸಿಲ್ ಬಾಕ್ಸು ಅಡ್ಡ ಇಟ್ಟು ಬಾಟ್ಲಿ ನಿಲ್ಲಿಸುತ್ತಾರೆ. ಸಂಚಾಲಕರಿಗೆ ಅದು ಹೇಗೆ ಗೊತ್ತಿರಬೇಕು? ತಮ್ಮ ನೀರಿನ ಬಾಟ್ಲಿಯಿಂದ ಒಂದು ಗುಟುಕು ಕುಡಿದರು, ಮುಚ್ಚಳ ಬಿಗಿ ಮಾಡಿದರು, ಜಾರಿ ಬೀಳದಿರಲಿ ಎಂದು ಡೆಸ್ಕಿನ ಮೇಲಂಚಿನ ಪೆನ್ಸಿಲ್ ಇಡುವ ಕುಳಿಯಲ್ಲಿ ಅಡ್ಡ ಮಲಗಿಸಿದರು.

ನಾನು ಪಾಠ ಮುಗಿಸಿದೆ. ಅಲ್ಲೊಂದು ಇಲ್ಲೊಂದು ಬಾಟ್ಲಿ ಎದ್ದು ನಿಂತಿತು. ಮೊದಲು ನಿಂತದ್ದು ಕೊಟ್ಟಾರದ ಹುಡುಗಿಯದ್ದು. ಅವಳು ಸುತ್ತ ನೋಡಿದಳು. ಹಿಂದಿನ ಬೆಂಚಿನಲ್ಲಿ ಒಂದು ಬಾಟ್ಲಿ ಮಲಗಿತ್ತು. ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ, ಅವಳಿಗೆ ಕಾಣಲಿಲ್ಲ. ನೇರ ಹೋಗಿ ಸಂಚಾಲಕರ ಪಕ್ಕ ಕೂತಳು.

"ಸರ್, ಎಲ್ಲಿಂದ ಅರ್ಥ ಆಗ್ಲಿಲ್ಲ?"

"ಎಂತದ್ದು?"

"ನಾಚಿಕೆ ಮಾಡ್ಬೇಡಿ ಸರ್. ನನಗೂ ಈಗಷ್ಟೇ ಅರ್ಥ ಆದದ್ದು."

ಹೆಡ್ ಮೇಡಂ ಕಣ್ಣು ಮುಚ್ಚಿಕೊಂಡರು. ಸಂಚಾಲಕರು ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಅವರು ಒಮ್ಮೆ ಹುಡುಗಿಯನ್ನು ನೋಡಿದರು, ಒಮ್ಮೆ ಬೋರ್ಡು ನೋಡಿದರು. ಆಮೇಲೆ ಬಹಳ ಸಣ್ಣ ಸ್ವರದಲ್ಲಿ ಹೇಳಿದರು, "ಆ ಬಿಂದು ಎಲ್ಲಿ ಇಟ್ರೂ ಲಂಬಕೋನವೇ ಅಂತ ಹೇಗೆ ಹೇಳುದು? ನನಗೆ ಶಾಲೆಗೆ ಹೋಗುವಾಗಲೂ ಇದು ಅರ್ಥ ಆಗಿರ್ಲಿಲ್ಲ. ಬಾಯಿಪಾಠ ಮಾಡಿದ್ದೆ."

"ಹಾಗಾದ್ರೆ ಅಲ್ಲಿಂದ ಶುರು ಮಾಡುವ."

ಹುಡುಗಿ ಬುತ್ತಿಯ ಮುಚ್ಚಳ ಇಟ್ಟು ವೃತ್ತ ಎಳೆದಳು. ನಡುಬಿಂದುವಿನಿಂದ ಆ ಬಿಂದುವಿಗೆ ಒಂದು ಗೆರೆ ಎಳೆದು ದೊಡ್ಡ ತ್ರಿಕೋನವನ್ನು ಎರಡು ಸಣ್ಣ ತ್ರಿಕೋನ ಮಾಡಿದಳು. ಎರಡರಲ್ಲೂ ಎರಡೆರಡು ಬದಿ ಸಮ, ಹಾಗಾಗಿ ಎರಡೆರಡು ಕೋನ ಸಮ, ಕೂಡಿಸಿದರೆ ಆ ಬಿಂದುವಿನ ಕೋನ ನೂರ ಎಂಬತ್ತು ಡಿಗ್ರಿಯ ಅರ್ಧ ಎಂದು ತೋರಿಸಿದಳು. ತಾನು ಎಲ್ಲಿ ಸಿಕ್ಕಿಬಿದ್ದಿದ್ದೆ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು, ಅಲ್ಲೆಲ್ಲ ನಿಲ್ಲಿಸಿ ಕೇಳಿದಳು. ಸಂಚಾಲಕರು ಕನ್ನಡಕ ಹಾಕಿ, ತೋಳು ಮಡಚಿ, ಡೆಸ್ಕಿನ ಮೇಲೆ ಬಗ್ಗಿದರು. ಒಂದು ಹೊತ್ತಿಗೆ, "ಓಹೋ! ಅದಕ್ಕಾ!" ಎಂದು ಬೊಬ್ಬೆ ಹಾಕಿದರು. ಬಾಟ್ಲಿ ಎತ್ತಿಕೊಂಡು ಎದ್ದರು.

"ಬಾಟ್ಲಿ ಮಲಗಿಸಿ ಕೂತ್ಕೊಳ್ಳಿ ಸರ್" ಎಂದಳು ಹುಡುಗಿ. "ಈಗ ನೀವು ಇನ್ನೊಬ್ಬರಿಗೆ ಹೇಳಿಕೊಡ್ಬೇಕು, ಆಮೇಲೆಯೇ ಬಾಟ್ಲಿ ನಿಲ್ಲಿಸುವುದು. ಹೆಡ್ ಮೇಡಂಗೆ ಹೇಳಿ."

ಇಡೀ ಕ್ಲಾಸ್ ತಿರುಗಿ ಕೂತಿತ್ತು. ಹೆಡ್ ಮೇಡಂ ಬಂದು ವಿಧೇಯ ವಿದ್ಯಾರ್ಥಿನಿಯ ಹಾಗೆ ಕೂತರು. ಸಂಚಾಲಕರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಅರ್ಧದವರೆಗೆ ಗಾಡಿ ಚೆನ್ನಾಗಿ ಓಡಿತು.

"ಈ ಎರಡು ಕೋನ ಸಮ ಮೇಡಂ. ಯಾಕೆ ಅಂದ್ರೆ... ಯಾಕೆ ಅಂದ್ರೆ..." ಎಂದು ಹುಡುಗಿಯ ಮುಖ ನೋಡಿದರು.

"ನಾನು ಹೇಳ್ಲಿಕ್ಕಿಲ್ಲ ಸರ್."

"ಸ್ವಲ್ಪ ಹೇಳು ಮಾರಾಯ್ತಿ."

"ಇಲ್ಲ ಸರ್. ನೀವೇ ಯೋಚನೆ ಮಾಡಿ."

ಅವರು ಯೋಚನೆ ಮಾಡಿದರು. ಬರಲಿಲ್ಲ. ಬೆವರು ಒರೆಸಿಕೊಂಡು ಹುಡುಗಿಯನ್ನು ಕೇಳಿದರು, "ನೀನು ಈ ಕ್ಲಾಸಿಗೆ ಫಸ್ಟಾ?"

"ಅಲ್ಲ ಸರ್. ಮಾರ್ಕ್ಸ್ ನೋಡಿದ್ರೆ ನಾನು ಸಿ ಸೆಕ್ಷನ್."

"ಮತ್ತೆ ಫಸ್ಟ್ ಬರುವವಳು ಎಲ್ಲಿ?"

ಹುಡುಗಿ ತನ್ನ ಬೆಂಚು ತೋರಿಸಿದಳು. "ಅವಳ ಬಾಟ್ಲಿ ಇನ್ನೂ ಮಲಗಿದೆ ಸರ್. ನಿಮ್ಮದು ಮುಗಿಸಿ ಅವಳಿಗೆ ಹೇಳಿಕೊಡ್ಲಿಕ್ಕೆ ಹೋಗ್ಬೇಕು."

ಅಷ್ಟರಲ್ಲಿ ಬೆಲ್ ಆಯಿತು. ಸಂಚಾಲಕರು ದೊಡ್ಡದೊಂದು ಉಸಿರು ಬಿಟ್ಟು ಎದ್ದರು. ಬಾಟ್ಲಿಯ ಕಡೆ ಕೈ ಚಾಚಿದರು, ಹುಡುಗಿಯ ಮುಖ ನೋಡಿದರು, ಮಲಗಿದ್ದ ಹಾಗೆಯೇ ಅಡ್ಡ ಹಿಡಿದುಕೊಂಡು ಹೊರಟರು.

"ಪರವಾಗಿಲ್ಲ ಸರ್, ಅರ್ಧ ಬಂದಿದೆ. ಮನೆಯಲ್ಲಿ ಒಮ್ಮೆ ಬರೆದು ನೋಡಿ. ಗುರುವಾರ ಮತ್ತೆ ಗಣಿತ ಉಂಟು" ಎಂದಳು ಹುಡುಗಿ.

ಜಗಲಿಯಲ್ಲಿ ಹೆಡ್ ಮೇಡಂ ಅವರ ಹಿಂದೆ ಹಿಂದೆಯೇ ಹೋದರು. ನಾನೂ ಹೋದೆ. ಕೇಳದೆ ಇರಲು ಆಗುವುದಿಲ್ಲ, ಕೇಳಲು ಧೈರ್ಯ ಇಲ್ಲ. ಮೆಟ್ಟಿಲಿನ ಹತ್ತಿರ ಹೆಡ್ ಮೇಡಂ ಕೇಳಿಯೇಬಿಟ್ಟರು, "ಸರ್, ಜನವರಿಯಲ್ಲಿ ಎ, ಬಿ, ಸಿ ಮಾಡುವ ವಿಷಯ...?"

ಸಂಚಾಲಕರು ನಿಂತರು. ಕ್ಲಾಸಿನ ಕಡೆ ತಿರುಗಿ ನೋಡಿ ಸ್ವರ ತಗ್ಗಿಸಿದರು.

"ಬೇಡ ಮೇಡಂ, ಒಟ್ಟಿಗೇ ಇರ್ಲಿ. ಪಾಲು ಮಾಡಿದ್ರೆ ಗುರುವಾರ ನನ್ನನ್ನು ಯಾವುದರಲ್ಲಿ ಕೂರಿಸ್ತೀರಿ?"